ವಂದನಾರ್ಪಣೆಗೂ ಒಬ್ಬ ಕೇಳುಗ

ನಾನು ಸಂಶಯದ ಪ್ರಾಣಿ. ಹಾಲು ಗಟ್ಟಿಯಾಗಿದ್ದರೆ ಇವತ್ತೇಕೆ ಗಟ್ಟಿ ಎಂದು ಸಂಶಯ, ತೆಳ್ಳಗಿದ್ದರೆ ನಿನ್ನೆಯ ಹಾಲಿನ ಮೇಲೂ ಸಂಶಯ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಹತ್ತುವ ಮೊದಲು ಬೋರ್ಡನ್ನು ಎರಡು ಸಲ ಓದುತ್ತೇನೆ. "ದೇವರೇ ಎದುರಿಗಿ ಬಂದು ನಿಂತ್ರೂ ನೀವು ಆಧಾರ್ ಕಾರ್ಡ್ ತೋರ್ಸು ಅಂತೀರಿ" ಎಂದು ನನ್ನ ಹೆಂಡತಿ ಶಾಂತಾ ಅನ್ನುತ್ತಾಳೆ. ತೋರಿಸಿದರೆ ದೇವರಿಗೇನು ಗಂಟು ಹೋಗುತ್ತದೆ ಎನ್ನುವುದು ನನ್ನ ವಾದ. ಇಂಥ ನನಗೆ ಜೀವಮಾನದಲ್ಲಿ ಒಬ್ಬನೇ ಒಬ್ಬ ಕೇಳುಗ ಸಿಕ್ಕಿದ. ಅವನನ್ನು ನಾನು ನಡೆಸಿಕೊಂಡ ರೀತಿಯನ್ನು ನಿಮ್ಮ ಮುಂದೆ ಹೇಳಿಬಿಟ್ಟರೆ ಮನಸ್ಸು ಹಗುರಾದೀತು.

ಬೀದರಿನ ನಮ್ಮ ಹಳೆಯ ರಂಗಮಂದಿರದಲ್ಲಿ ನಮ್ಮ ಸಾಹಿತ್ಯ ಬಳಗದ ಕಾರ್ಯಕ್ರಮ ಯಾವಾಗ ನಡೆದರೂ ವಂದನಾರ್ಪಣೆ ನನ್ನದು. ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ ಎಲ್ಲವನ್ನೂ ಬುದ್ಧಿವಂತರು ಹಂಚಿಕೊಂಡ ಮೇಲೆ ತಟ್ಟೆಯಲ್ಲಿ ಉಳಿದದ್ದು ನನಗೆ ಬಂತು. "ಈಗ ವಂದನಾರ್ಪಣೆ" ಎಂದು ನಿರೂಪಕರು ಅನ್ನುವುದೇ ತಡ, ಸಭಾಂಗಣದ ಅಷ್ಟೂ ಕುರ್ಚಿಗಳು ಪಟಪಟನೆ ಮಡಚಿಕೊಳ್ಳುತ್ತವೆ. ಭಾಲ್ಕಿ, ಔರಾದ ಕಡೆಯವರು ಬಸ್ಸಿಗೆ ಓಡುತ್ತಾರೆ. ಬೀದರಿನವರು ಯಾವ ಬಸ್ಸೂ ಇಲ್ಲದಿದ್ದರೂ ಓಡುತ್ತಾರೆ. ವೇದಿಕೆಯ ಗಣ್ಯರು ನನಗೆ ಬೆನ್ನು ಮಾಡಿ ಫೋಟೋಕ್ಕೆ ನಿಲ್ಲುತ್ತಾರೆ. ನಾನು ಮೇಲೆ ತಿರುಗುವ ಫ್ಯಾನುಗಳನ್ನು ನೋಡುತ್ತ ಎಲ್ಲರಿಗೂ ಧನ್ಯವಾದ ಹೇಳುತ್ತೇನೆ. ಆದರೂ ಬಿಡಲು ಮನಸ್ಸಿಲ್ಲ. ಆಹ್ವಾನ ಪತ್ರಿಕೆಯ ಕಟ್ಟಕಡೆಯ ಸಾಲಿನಲ್ಲಿ, ಕನ್ನಡಕ ಹಾಕಿದರೆ ಕಾಣುವಷ್ಟು ದೊಡ್ಡದಾಗಿ, ನನ್ನ ಹೆಸರಿರುತ್ತದೆ. ಈ ಲೋಕದಲ್ಲಿ ಅದು ಅಚ್ಚಾಗುವ ಜಾಗ ಅದೊಂದೇ.

ಹೀಗಿರಲು, ಒಂದು ಸಂಜೆ ನೋಡುತ್ತೇನೆ, ಹಿಂದಿನ ಸಾಲಿನಲ್ಲಿ ಒಬ್ಬ ಮನುಷ್ಯ ಕುಳಿತೇ ಇದ್ದಾನೆ! ಐವತ್ತರ ಆಸುಪಾಸು, ಬಿಳಿ ಟೋಪಿ, ಹೆಗಲಿಗೆ ಟವೆಲ್ಲು. ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ, ಒಂದೊಂದು ಹೆಸರನ್ನೂ ಕಿವಿಗೊಟ್ಟು ಕೇಳುತ್ತಿದ್ದಾನೆ. ಮುಗಿದ ಮೇಲೆ ಉಸಿರು ಬಿಟ್ಟು ಎದ್ದು ಹೋದ. ಅವತ್ತು ಮನೆಗೆ ಹೋಗಿ ಶಾಂತಾಳ ಮುಂದೆ ಜಂಬ ಕೊಚ್ಚಿಕೊಂಡೆ. ಮುಂದಿನ ಕಾರ್ಯಕ್ರಮದಲ್ಲೂ ಅವನು ಕುಳಿತಾಗ ನನ್ನ ಹುಟ್ಟುಗುಣ ಎದ್ದಿತು. ತಲೆ ನೆಟ್ಟಗಿದ್ದವನು ವಂದನಾರ್ಪಣೆ ಕೇಳುವುದುಂಟೇ?

ಔರಾದಿನ ನಿವೃತ್ತ ಉಪನ್ಯಾಸಕರೊಬ್ಬರಿಗೆ ನನ್ನ ಈ ಹುದ್ದೆಯ ಮೇಲೆ ಕಣ್ಣಿದೆ ಎಂದು ನನಗೆ ಮೊದಲಿನಿಂದ ಗುಮಾನಿ. ಸಿಕ್ಕಾಗಲೆಲ್ಲ "ಗಂಟಲ ಹ್ಯಾಂಗದರಿ ಸರ್?" ಎಂದು ಕೇಳುತ್ತಾರೆ. ನನ್ನ ಗಂಟಲಿನ ಉಸಾಬರಿ ಅವರಿಗೇಕೆ? ಹಿಂದೊಮ್ಮೆ ಭಾಲ್ಕಿಯ ಹಿರಿಯರೊಬ್ಬರ ಹೆಸರನ್ನು ಬಿಟ್ಟಿದ್ದಕ್ಕೆ ಅವರು ಎರಡು ವರ್ಷ ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಇನ್ನೊಂದು ಹೆಸರು ತಪ್ಪಿದರೆ ನನ್ನ ಕಡೆಯ ಸಾಲೂ ಹೋದಂತೆಯೇ. ಹಾಗಾದರೆ ಈ ಟೋಪಿಯವನು ನಾನು ಯಾರ್ಯಾರನ್ನು ಬಿಟ್ಟೆ ಎಂದು ಲೆಕ್ಕವಿಡಲು ಬಂದ ಉಪನ್ಯಾಸಕರ ಗೂಢಚಾರನೇ ಸೈ. ಪರೀಕ್ಷೆ ಮಾಡಿದೆ. ಒಮ್ಮೆ ಪಟ್ಟಿಯನ್ನು ಎಳೆದು ಎಳೆದು ಹೊರಗಿನ ಆಟೋದವರಿಗೂ ಧನ್ಯವಾದ ಹೇಳಿದೆ, ಅಲ್ಲಾಡಲಿಲ್ಲ. ಇನ್ನೊಮ್ಮೆ ನಾಲ್ಕೇ ಹೆಸರಿಗೆ ಮುಗಿಸಿದೆ; ಮುಖ ಸಪ್ಪಗೆ ಮಾಡಿಕೊಂಡು ಹೋದ. ಆ ಸಪ್ಪೆ ಮುಖ ನೋಡಿ ನನಗೆ ನಿದ್ದೆ ಹಾರಿಹೋಯಿತು. "ಒಮ್ಮಿ ಕೇಳಿಬಿಡ್ರಿ, ಬಾಯಿಲ್ಲೇನು ನಿಮಗ?" ಎಂದು ಶಾಂತಾ ರೇಗಿದಳು.

ಮುಂದಿನ ಸಲ ಮೈಕು ಬಿಟ್ಟವನೇ ನೇರವಾಗಿ ಅವನ ಸಾಲಿಗೆ ಹೋಗಿ, "ಯಾರ್ರಿ ನೀವು? ಖರೇ ಹೇಳ್ರಿ, ಯಾರು ಕಳಿಸ್ಯಾರ?" ಎಂದೆ.

ಅವನು ಗಾಬರಿಯಿಂದ ಎದ್ದು ನಿಂತ. "ಯಾರೂ ಕಳಿಸಿಲ್ಲರಿ ಸರ್. ನಾ ಮಾಳಪ್ಪರಿ, ಜನವಾಡದಿಂದ ಬರ್ತೇನಿ. ಡೊಳ್ಳು ನಂದರಿ."

"ಯಾವ ಡೊಳ್ಳು?"

"ಉದ್ಘಾಟನಿಗಿ ಸಾಹೇಬ್ರು ಬಾರಸ್ತಾರಲ್ರಿ, ಅದರಿ. ಚರ್ಮ ಬಿಗಿದು ಛಲೋ ನುಡೀಲಿ ಅಂತ ಮುಂಜಾನಿಂದ ಬಿಸಲಾಗ ಇಟ್ಟು ತರ್ತೇನಿ."

ನಮ್ಮ ಬಳಗದಲ್ಲಿ ದೀಪ ಹಚ್ಚುವುದು ಬಿಟ್ಟು ಡೊಳ್ಳು ಬಾರಿಸಿ ಉದ್ಘಾಟಿಸುವ ಪದ್ಧತಿ ಬಂದು ಬಹಳ ಕಾಲವಾಯಿತು. ಬಾರಿಸಿದ ಕೈಗಳನ್ನು ಅಮೃತಹಸ್ತ ಎಂದು ಪ್ರತಿ ಸಲವೂ ಹೊಗಳಿದ್ದೇನೆ. ಡೊಳ್ಳು ಎಲ್ಲಿಂದ ಬರುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಆದರೂ ನನ್ನ ಬುದ್ಧಿ ಬಿಡಬೇಕಲ್ಲ, "ಹಂಗಾರ ಡೊಳ್ಳು ಒಯ್ಯಲಿಕ್ಕ ಕುಂತಿರ್ತೀರೇನು?" ಎಂದೆ.

"ಇಲ್ಲರಿ, ಅದನ್ನ ಆವಾಗೇ ಬೈಕಿಗಿ ಕಟ್ಟಿರ್ತೇನಿ." ಮಾಳಪ್ಪನವರು ಕತ್ತು ತುರಿಸಿಕೊಂಡರು. "ಸಿಟ್ಟಿಗಿ ಬರಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಕಡೀಕ ನೀವು ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ ಅಂತೀರಲ್ರಿ, ಅದರಾಗ ನಾ ಯಾವುದರಾಗ ಬರ್ತೇನ್ರಿ? ಮನ್ಯಾಗ ಕೇಳ್ತಾರ, ನಿನ್ನ ಹೆಸರ ತಗೊಂಡ್ರೇನು ಅಂತ. ತಗೊಂಡ್ರು ಅಂತೇನಿ. ಸುಳ್ಳ ಹೇಳ್ದಂಗ ಆಗಬಾರದು ನೋಡ್ರಿ."

ಆಟೋದವರಿಗೂ ಧನ್ಯವಾದ ಹೇಳಿದ ಮಹಾನುಭಾವ ನಾನು! "ಪ್ರತ್ಯಕ್ಷದಾಗೇ ರೀ, ಬಿಲ್ಕುಲ್ ಪ್ರತ್ಯಕ್ಷ" ಎಂದು ತೊದಲಿದೆ.

ಮುಂದಿನ ಕಾರ್ಯಕ್ರಮದಲ್ಲಿ, ಗಣ್ಯರು ಏನಾದರೂ ಅಂದುಕೊಳ್ಳಲಿ ಎಂದು, ಮೊಟ್ಟಮೊದಲು ಮಾಳಪ್ಪನವರ ಹೆಸರನ್ನೇ ಹೇಳಿದೆ. ಊರಿನ ಸಮೇತ, ಡೊಳ್ಳಿನ ಸಮೇತ. ಹೊರಟಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಮಾಳಪ್ಪನವರು ಎದ್ದು ನಿಂತು ಎರಡೂ ಕೈ ಮುಗಿದರು. ನನ್ನ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡುವಷ್ಟರಲ್ಲಿ ಅವರು ಬಾಗಿಲ ಹತ್ತಿರವಿದ್ದರು, ಫೋನು ಕಿವಿಯಲ್ಲಿತ್ತು. "ತಗೊಂಡ್ರು! ಮೈಕಿನಾಗೇ ತಗೊಂಡ್ರು!" ಎನ್ನುತ್ತಲೇ ಹೊರಗೆ ನಡೆದುಬಿಟ್ಟರು. ನನ್ನ ಕೈಯಲ್ಲಿ ಇನ್ನೂ ಹದಿಮೂರು ಹೆಸರಿದ್ದವು, ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ನಾಡಿದ್ದು ಮತ್ತೆ ಕಾರ್ಯಕ್ರಮವಿದೆ. ನಿನ್ನೆ ಕುಳಿತು ಹೊಸ ಪಟ್ಟಿ ಬರೆದೆ. ಮಾಳಪ್ಪನವರ ಹೆಸರು ಕಟ್ಟಕಡೆಗೆ. ಶಾಂತಾ ಅದನ್ನು ಓದಿ, "ಪಾಪ, ಅವರಿಗಿ ಯಾಕ ಹಿಂದ ಹಾಕೀರಿ?" ಎಂದು ಕೇಳಿದಳು. ದೊಡ್ಡವರ ಹೆಸರು ಕೊನೆಗೇ ಬರಬೇಕು, ಅದು ಸಭೆಯ ಮರ್ಯಾದೆ ಎಂದು ಗಂಭೀರವಾಗಿ ಹೇಳಿದೆ. ನಿಮ್ಮ ಹತ್ತಿರ ಮುಚ್ಚುಮರೆಯೇಕೆ? ಮೊದಲಿನ ಹದಿಮೂರು ಹೆಸರು ಮುಗಿಯುವ ತನಕ ಅವರು ಎದ್ದು ಹೋಗುವ ಹಾಗಿಲ್ಲ.