ಮಚ್ಚಾ ಪುಡಿಯ ಕಹಿಯನ್ನು ದಯವಿಟ್ಟು ಹಿಂತಿರುಗಿಸಿ

ಮಾನ್ಯರೇ,

ಮಚ್ಚಾ ಎಂಬ ಹಸಿರು ಚಹಾಪುಡಿಯನ್ನು ಚಂದದ ಡಬ್ಬಿಗಳಲ್ಲಿ ತುಂಬಿ ಮನೆಮನೆಗೆ ಕಳಿಸುವ ತಮ್ಮ ಘನ ಸಂಸ್ಥೆಗೂ, ಅದರ ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರಾದ ತಮಗೂ, ತಮ್ಮ ಕೈಕೆಳಗೆ ದಿನವಿಡೀ ಸಂತೋಷವನ್ನು ಉತ್ಪಾದಿಸುತ್ತಿರುವ ಸಮಸ್ತ ಸಿಬ್ಬಂದಿಗೂ ಕನ್ನಡಕದಂಗಡಿಯವನೊಬ್ಬನ ವಿನಮ್ರ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದೂ, ತಮ್ಮ ತೋಟದ ಗಿಡಗಳು ಇನ್ನೂ ಹಸಿರಾಗಿಯೇ ಇವೆಯೆಂದೂ ನಂಬಿದ್ದೇನೆ.

ಈ ಹಿಂದೆ ನಾನು ತಮಗೊಂದು ದೂರು ಬರೆದಿದ್ದೆ. ತಮ್ಮ ಪುಡಿ ವಿಪರೀತ ಕಹಿ ಎಂಬುದು ಅದರ ಸಾರಾಂಶ. ಈಗ ಬರೆಯುತ್ತಿರುವುದು ಎರಡನೆಯ ದೂರು. ತಮ್ಮ ಪುಡಿ ಕಹಿಯಾಗಿಲ್ಲ ಎಂಬುದು ಇದರ ಸಾರಾಂಶ. ಎರಡೂ ಪತ್ರಗಳ ಕೆಳಗೆ ಒಂದೇ ಸಹಿ ಇರುವುದನ್ನು ಕಂಡು ಈ ಮನುಷ್ಯನ ತಲೆ ನೆಟ್ಟಗಿಲ್ಲ ಎಂದು ತಾವು ತೀರ್ಮಾನಿಸಿದರೆ ನನ್ನ ಆಕ್ಷೇಪವಿಲ್ಲ. ನನ್ನ ಮನೆಯವರು ಆ ತೀರ್ಮಾನಕ್ಕೆ ತಮಗಿಂತ ಬಹಳ ಮೊದಲೇ ಬಂದಿದ್ದಾರೆ. ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ. ಗ್ರಾಹಕರ ಮಾತನ್ನು ಕೂಡಲೇ ಕೇಳಿಬಿಡುವ ದುರಭ್ಯಾಸ ಬೇರೆ ಸಂಸ್ಥೆಗಳಿಗೂ ಇದ್ದರೆ, ಅವುಗಳೂ ಇದನ್ನೋದಿ ಎಚ್ಚೆತ್ತುಕೊಳ್ಳಲಿ ಎಂಬುದೇ ಆ ಕಾರಣ.

ನಾನು ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುವವನು. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುವುದು ನನ್ನ ಕಸುಬು. ಒಂದು ದಿನ ಅಂಗಡಿಗೆ ಬಂದ ತರುಣಿಯೊಬ್ಬಳು ಕೈಯಲ್ಲೊಂದು ಹಸಿರು ಪಾನೀಯದ ಲೋಟ ಹಿಡಿದುಕೊಂಡೇ ಗೋಡೆಯ ಮೇಲಿದ್ದ ಫ್ರೇಮುಗಳನ್ನೆಲ್ಲ ಇಳಿಸಿ, ಹಾಕಿ, ತೆಗೆದು, ಕನ್ನಡಿ ನೋಡಿ, ಕೊನೆಗೆ ಒಂದನ್ನೂ ಕೊಳ್ಳದೆ, ಎಳ್ಳಷ್ಟೂ ಸಂಕೋಚವಿಲ್ಲದೆ ನಗುನಗುತ್ತ ಹೊರಟುಹೋದಳು. ಲೋಟದಲ್ಲಿರುವುದೇನೆಂದು ನಾನು ಕೇಳಿದ್ದೆ. ಮಚ್ಚಾ ಲಾಟೆ, ಅಂದರೆ ಹಾಲು ಬೆರೆಸಿದ ಮಚ್ಚಾ ಎಂದಿದ್ದಳು. ಅಂಥ ಮನಶ್ಶಾಂತಿ ನನಗೂ ಬೇಕೆನಿಸಿ, ಅವಳು ಹರಡಿಹೋದ ಫ್ರೇಮುಗಳನ್ನು ಜೋಡಿಸುವ ಮೊದಲೇ ಫೋನಿನಲ್ಲಿ ತಮ್ಮ ಪುಟ ತೆರೆದು ಪುಡಿಯ ಡಬ್ಬಿ, ಬಿದಿರು ಸೀಳಿ ಮಾಡಿದ ಪುಟ್ಟ ಕಡೆಗೋಲು, ಬಿದಿರಿನದೇ ಚಮಚ, ಅಗಲ ಬಾಯಿಯ ಬಟ್ಟಲು, ಜರಡಿ, ಕಡೆಗೋಲನ್ನು ಒಣಗಿಸುವ ಪೀಠ, ಎಲ್ಲವನ್ನೂ ತರಿಸಿಕೊಂಡೆ. ಪೊಟ್ಟಣ ತಂದಾತ ಬಾಗಿಲಲ್ಲಿ ನಿಂತು ಮಚ್ಚಾ ಬಂದಿದೆ ಎಂದದ್ದು ನನ್ನ ಹೆಂಡತಿಗೆ ಬೇರೆಯೇ ಕೇಳಿಸಿ, ಅವಳು ಅಂಗಡಿಗೆ ಫೋನು ಮಾಡಿ, "ರೀ, ಮನೆಗೆ ಮಚ್ಚು ಯಾಕ್ರೀ ತರಿಸಿದ್ದೀರಿ?" ಎಂದು ಮೆಲ್ಲನೆ ವಿಚಾರಿಸಿದಳು. ನಮ್ಮದು ಶಾಂತ ಸಂಸಾರ. ಅವಳಿಗೆ ಗಾಬರಿಯಾದದ್ದು ಸಹಜ.

ಮರುದಿನ ಬೆಳಿಗ್ಗೆ ತಮ್ಮ ಸೂಚನೆಯಂತೆಯೇ ಪುಡಿಯನ್ನು ಜರಡಿ ಹಿಡಿದು, ಬಿಸಿನೀರು ಹಾಕಿ, ಮಣಿಕಟ್ಟನ್ನು ಸಡಿಲ ಬಿಟ್ಟು, ಮನಸ್ಸನ್ನು ಖಾಲಿ ಮಾಡಿಕೊಂಡು ಕಡೆದೆ. ಮನಸ್ಸು ಖಾಲಿಯಾಯಿತೋ ಇಲ್ಲವೋ, ಬಟ್ಟಲಂತೂ ಅರ್ಧ ಖಾಲಿಯಾಯಿತು. ಗೋಡೆಗೆ, ಗ್ಯಾಸ್ ಒಲೆಗೆ, ನನ್ನ ಅಂಗಿಯ ತೋಳಿಗೆ ಹಂಚಿಹೋಗಿ ಉಳಿದದ್ದಕ್ಕೆ ಕಾಯಿಸಿದ ಹಾಲು ಸುರಿದು ಹೆಂಡತಿಗೂ ಮಗಳಿಗೂ ಕೊಟ್ಟೆ. ಹೆಂಡತಿ ಒಂದು ಗುಟುಕು ಕುಡಿದವಳು ಹಗ್ಗದ ಮೇಲೆ ಒಣಗಿಹಾಕಿದ ಬಟ್ಟೆಯ ನೆನಪಾಗಿ ಎದ್ದುಹೋದಳು. ಅಂದು ಹಗ್ಗದ ಮೇಲೆ ಯಾವ ಬಟ್ಟೆಯೂ ಇರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಲೋಟದ ಫೋಟೋ ತೆಗೆದುಕೊಂಡು, ನೋಡೋಕೆ ತುಂಬಾ ಚೆನ್ನಾಗಿದೆ ಎಂದು ಹೇಳಿ, ನೋಡಿಯೇ ತೃಪ್ತಳಾದಳು. ನಾನು ಮಾತ್ರ ಹಟಕ್ಕೆ ಬಿದ್ದು ಲೋಟ ಬರಿದು ಮಾಡಿ, ಅದೇ ಸಿಟ್ಟಿನಲ್ಲಿ ತಮಗೆ ಆ ಮೊದಲ ಪತ್ರ ಬರೆದೆ. ಹುಲ್ಲು ಕತ್ತರಿಸುವ ಯಂತ್ರದ ಬಾಯಿ ತೊಳೆದ ನೀರಿನಂತಿದೆ ಎಂಬ ಹೋಲಿಕೆ ನನ್ನದೇ. ಬರೆದಾಗ ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ತಾವು ಉತ್ತರಿಸಿದಿರಿ. ತಮ್ಮ ಧ್ವನಿ ನಮಗೆ ಅಮೂಲ್ಯ ಎಂದು ಬರೆದಿರಿ. ನಮ್ಮ ಬೀದಿಯ ದೀಪದ ಬಗ್ಗೆ ನಗರಸಭೆಗೂ, ಅಂಗಡಿಯ ಛಾವಣಿ ಸೋರುವ ಬಗ್ಗೆ ಕಟ್ಟಡದ ಮಾಲೀಕರಿಗೂ ಬರೆದು ಬರೆದು ಬೆರಳು ಸವೆಸಿದ ನನಗೆ, ಮನೆಯಲ್ಲಿ ಹೇಳಿದರೆ ಫ್ಯಾನು ಕೂಡ ತಿರುಗದಂಥ ಮರ್ಯಾದೆ ಹೊಂದಿರುವ ನನಗೆ, ಇದು ಸಾಮಾನ್ಯ ಸಂಗತಿಯೇ? ಪಕ್ಕದ ಬೀಗ ರಿಪೇರಿಯವರನ್ನು ಕರೆದು ತೋರಿಸಿದೆ. ಅವರು ಓದಿ, ಹಾಗಾದರೆ ಇನ್ನು ನೀವು ಸುಮ್ಮನಿರಿ, ಕೆಲಸ ಆದೀತು ಎಂದರು. ಕೆಲಸ ಆಗಿಯೇ ಬಿಟ್ಟಿತು.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಅಕ್ಕ ದೊಡ್ಡದೊಂದು ವಿದ್ಯಾರ್ಥಿನಿಲಯದ ಅಡುಗೆಮನೆಯ ಯಜಮಾನಿ. ಕೊಳಗದಂಥ ಪಾತ್ರೆಯ ಮೇಲೆ ಬಾಗಿ ಆವಿಯನ್ನು ಮೂಸಿದರೆ ಸಾಕು, ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಿಬಿಡುವವಳು. ಅವಳಿಗೊಂದು ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಹೊತ್ತುಕೊಂಡೇ ಹೋಯಿತು. ಯಾರಿಗೂ ಹೇಳದೆ ಅವಳು ಕೆಲಸಕ್ಕೆ ಹೋದಳು. ಅಂದಾಜಿನ ಮೇಲೆ ಅಡುಗೆ ನಡೆಸಿದಳು. ಒಂದು ಮಧ್ಯಾಹ್ನ ತಟ್ಟೆಗಳು ಬಡಿಸಿದ್ದು ಬಡಿಸಿದಂತೆಯೇ ವಾಪಸು ಬಂದವು. ಉಪ್ಪು ಎರಡು ಸಲ ಬಿದ್ದಿತ್ತು. ಅವಳ ಮೇಲಿನ ಭಯಭಕ್ತಿಯಿಂದ ಅಷ್ಟು ಜನರಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಅಕ್ಕ ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೊಳೆಗೆ ನೇತುಹಾಕಿ, ನಾಲಿಗೆ ಬಂದ ಮೇಲೆ ನಾನೂ ಬರುತ್ತೇನೆ ಎಂದು ವಾರ್ಡನ್ನರಿಗೆ ಹೇಳಿ, ಚೀಲ ಹಿಡಿದು ನಮ್ಮ ಮನೆಗೆ ಬಂದಳು. ಕಿವಿ ಮೂಗು ಗಂಟಲಿನ ವೈದ್ಯರು ಪರೀಕ್ಷಿಸಿ, ಬಂದರೂ ಬರಬಹುದು, ನಿಧಾನವಾಗಿ ಬರಬಹುದು, ಇಂಥ ದಿನವೆಂದು ಹೇಳಲಾಗದು ಎಂದರು. ಅಕ್ಕ ಚೀಲಕ್ಕೆ ತುಂಬುವಂತೆ ಬಾಯಿಗೆ ತುತ್ತು ತುಂಬಿಕೊಂಡು ಏಳುತ್ತಿದ್ದಳು. ನಮ್ಮ ಅಡುಗೆಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟಲಿಲ್ಲ.

ದುಡ್ಡು ಕೊಟ್ಟು ತರಿಸಿದ್ದೆಂದು ನಾನು ಕಡೆಯುವುದನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಹೆಂಡತಿ ಮಗಳು ಇಬ್ಬರೂ ಕೈಬಿಟ್ಟ ಮೇಲೆ ನನ್ನ ಲಾಟೆಗೆ ಉಳಿದ ಏಕೈಕ ಗಿರಾಕಿ ಅಕ್ಕನೇ. ನಾನು ಬೆಳಿಗ್ಗೆ ಲೋಟ ಚಾಚುವುದು, ಅವಳು ಮುಖ ಕಿವಿಚದೆ ತಳದವರೆಗೆ ಕುಡಿಯುವುದು ರೂಢಿಯಾಯಿತು. ನನ್ನ ಕೈಗುಣ ಸುಧಾರಿಸಿದೆ ಎಂದೇ ನಾನು ತಿಳಿದಿದ್ದೆ. ರುಚಿಯೇ ತಿಳಿಯದವಳು ಮಾತ್ರ ಕುಡಿಯುವಂಥದ್ದನ್ನು ಮಾಡುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ; ಮನುಷ್ಯನಿಗೆ ತನ್ನ ಕಣ್ಣಿನ ಪರೀಕ್ಷೆ ತಾನೇ ಮಾಡಿಕೊಳ್ಳಲು ಆಗುವುದಿಲ್ಲ.

ಹೀಗಿರಲು ಒಂದು ಬೆಳಿಗ್ಗೆ ಅಕ್ಕ ಗುಟುಕು ನುಂಗಿದವಳು ಲೋಟವನ್ನು ಬಾಯಿಂದ ದೂರ ಹಿಡಿದು ಅದನ್ನೇ ನೋಡುತ್ತ, "ಇದು ಕಹಿನಾ?" ಎಂದು ಕೇಳಿದಳು. ನಾನೋ, ಕೊನೆಯ ಗಿರಾಕಿಯೂ ಕೈತಪ್ಪಿತೆಂದು ಮುನಿಸಿಕೊಂಡು, ಅದು ಕಹಿಯಲ್ಲ, ಎಳೆಯ ಎಲೆಯ ಗಾಂಭೀರ್ಯ ಎಂದು ತಮ್ಮ ಡಬ್ಬಿಯ ಮೇಲಿನ ವಾಕ್ಯವನ್ನೇ ಒಪ್ಪಿಸತೊಡಗಿದೆ. ಹೆಂಡತಿ ಒಲೆ ಆರಿಸಿ ಬಂದು ಅಕ್ಕನ ಪಕ್ಕದಲ್ಲಿ ಕುಳಿತು, "ಹೌದು ಅತ್ತಿಗೆ, ಕಹೀನೇ. ತುಂಬಾ ಕಹಿ," ಎಂದಾಗಲೇ ನನಗೆ ಅರ್ಥವಾದದ್ದು. ಅಕ್ಕ ಇನ್ನೊಂದು ಗುಟುಕು ಕುಡಿದಳು. ಮತ್ತೊಂದು ಕುಡಿದಳು. ಕಣ್ಣೀರು ಅವಳ ಗಲ್ಲದವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ತಮ್ಮ ಪುಡಿಯನ್ನು ಅಷ್ಟು ಆಸೆಯಿಂದ ಕುಡಿದವರು ಈ ಭೂಮಿಯ ಮೇಲೆ ಬೇರೆ ಇದ್ದಾರೆಯೇ ಎಂಬುದು ತಮಗೇ ಗೊತ್ತು.

ಅಲ್ಲಿಂದ ದಿನವೂ ಅವಳು ಕಹಿಯನ್ನು ಮಾತಾಡಿಸಿಕೊಂಡೇ ಹಾಸಿಗೆ ಬಿಟ್ಟು ಏಳತೊಡಗಿದಳು. ಕೆಲವು ದಿನಗಳಲ್ಲಿ ಉಪ್ಪು ನಾಲಿಗೆಯ ಅಂಚಿಗೆ ಬಂದು ಹೋಗತೊಡಗಿತು. ವಾಸನೆ ಮಾತ್ರ ಇನ್ನೂ ಇಲ್ಲ. ಆದರೂ ಧೈರ್ಯ ಬಂದು, ಸೋಮವಾರದಿಂದ ಬರುತ್ತೇನೆ ಎಂದು ವಾರ್ಡನ್ನರಿಗೆ ಫೋನು ಮಾಡಿದಳು. ಅದೇ ವಾರ ಹಳೆಯ ಡಬ್ಬಿ ಮುಗಿಯಿತು. ತಮ್ಮಿಂದ ಹೊಸದು ಬಂತು.

ಹೊಸ ಡಬ್ಬಿಯ ಮೊದಲ ಲೋಟವನ್ನು ಅಕ್ಕ ಎಂದಿನಂತೆ ಕುಡಿದಳು. ಇನ್ನೊಂದು ಗುಟುಕನ್ನು ಬಾಯಲ್ಲಿ ಇಟ್ಟುಕೊಂಡೇ ಸ್ವಲ್ಪ ಹೊತ್ತು ಕಾದು, ನುಂಗಿ, ಲೋಟವನ್ನು ಕೆಳಗಿಟ್ಟಳು. ಹೋಯಿತು ಎಂದು ಮೆಲ್ಲಗೆ ಅಂದಳು. ನಾವು ಏನಾದರೂ ಹೇಳುವಷ್ಟರಲ್ಲಿ ವಾರ್ಡನ್ನರಿಗೆ ಮತ್ತೆ ಫೋನು ಮಾಡಿ, ನನ್ನನ್ನು ಕಾಯಬೇಡಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲನ್ನು ಬಡಿದೂ ಹಾಕಲಿಲ್ಲ. ಅವಳ ಸಿಟ್ಟನ್ನು ಕಂಡು ಬೆಳೆದವನು ನಾನು. ಸಿಟ್ಟೂ ಬಾರದಷ್ಟು ಸೋತದ್ದನ್ನು ಅಂದೇ ಕಂಡದ್ದು.

ಮಗಳು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಗ್ರಾಹಕರ ಕೋರಿಕೆಯ ಮೇರೆಗೆ ಕಹಿ ತಗ್ಗಿಸಿದ ಹೊಸ ಮೃದು ರುಚಿ ಎಂದು ಅದರ ಮೇಲೆ ಅಚ್ಚಾಗಿತ್ತು. ಓದಿ ಮುಗಿಸಿ ಅವಳು ನನ್ನ ಕಡೆ ನೋಡಿದಳು. ಹೆಂಡತಿಯೂ ನೋಡಿದಳು. ಒಳ್ಳೆಯ ಕನ್ನಡಕ ಹಾಕಿಸಿದರೆ ಜನರಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಆ ಎರಡು ನೋಟಗಳಲ್ಲಿ ನನಗೆ ತಿಳಿಯಿತು. ಇಬ್ಬರದೂ ನಾನೇ ಮಾಡಿಕೊಟ್ಟ ಕನ್ನಡಕ.

ಮಾನ್ಯರೇ, ಅಕ್ಕನ ಕೋಣೆಯ ಬಾಗಿಲಿಗೆ ಮುಖವಿಟ್ಟು, ಹೋದದ್ದು ನಿನ್ನ ನಾಲಿಗೆಯಲ್ಲ, ಪುಡಿಯ ಕಹಿ, ಅದೂ ನನ್ನ ಪತ್ರದಿಂದಾಗಿ ಎಂದು ವಿವರಿಸಿದೆ. ಬಾಗಿಲು ತೆರೆಯಲಿಲ್ಲ. ಸಮಾಧಾನಕ್ಕೆ ಕಟ್ಟಿದ ಕಥೆ ಎಂದು ಅವಳು ತಿಳಿದಿರಬೇಕು. ದೊಡ್ಡ ಸಂಸ್ಥೆಯೊಂದು ನನ್ನ ಮಾತು ಕೇಳಿತು ಎಂದರೆ ನನ್ನನ್ನು ಬಲ್ಲವರು ಹೇಗೆ ತಾನೇ ನಂಬಿಯಾರು? ಹಳೆಯ ಡಬ್ಬಿಗಾಗಿ ಸೈಕಲ್ಲು ಹತ್ತಿ ಪೇಟೆಯೆಲ್ಲ ಸುತ್ತಿದೆ. ಎಲ್ಲ ಅಂಗಡಿಗಳಲ್ಲೂ ಹೊಸ ಮೃದು ರುಚಿಯೇ ಸಾಲಾಗಿ ಕೂತಿತ್ತು. ಬರಿಗೈಯಲ್ಲಿ ಬಂದವನು ಇನ್ನೇನೂ ತೋಚದೆ, ಹೊಸ ಪುಡಿಯನ್ನೇ ಸುರಿದು, ಮತ್ತೆ ಸುರಿದು, ಕಡೆಗೋಲು ನಿಲ್ಲುವಷ್ಟು ಗಟ್ಟಿಯಾಗಿ ಕಡೆದು, ಹಾಲು ಒಲೆಯ ಮೇಲಿಟ್ಟೆ. ಮೃದು ರುಚಿಯನ್ನಾದರೂ ರಾಶಿ ಹಾಕಿದರೆ ಕಹಿಯಾದೀತೆಂಬ ಆಸೆ.

ಆಗ ಮುಚ್ಚಿದ ಬಾಗಿಲಿನ ಆಚೆಯಿಂದ ಅಕ್ಕನ ದನಿ ಬಂತು. "ಹಾಲು ತಳ ಹಿಡೀತಿದೆ ಕಣೋ."

ನಾನು ಅಭಿಮಾನದಿಂದ, ಹಾಗೇನಿಲ್ಲ, ಹಾಲು ಚೆನ್ನಾಗಿಯೇ ಇದೆ ಎಂದೆ. ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ದಿನಾ ಹಿಡಿಯುತ್ತೆ ಅತ್ತಿಗೆ," ಅಂದಳು. "ಪಾಪ ಅಂತ ನಾವು ಹೇಳಿರಲಿಲ್ಲ, ಅಷ್ಟೆ."

ಅಕ್ಕ ವಾಸನೆ ಹಿಡಿದಿದ್ದಳು. ಬಾಗಿಲು ತೆರೆಯಿತು. ಅವಳು ಬಂದಳು, ಅಡುಗೆಮನೆಯ ಹೊಸ್ತಿಲು ದಾಟಿದಳು, ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು, ಕಂದಿದ ತಳದ ಮೇಲೆ ಮೂಗು ಬಾಗಿಸಿ, ಕಮರು ವಾಸನೆಯನ್ನು ಎದೆ ತುಂಬ ಎಳೆದುಕೊಂಡಳು. ಮತ್ತೆ ಎಳೆದುಕೊಂಡಳು. ಆಮೇಲೆ ನನ್ನನ್ನು ಬೈದಳು. ಹಾಲು ಕಾಯಿಸಲು ಬಾರದವನು ಜಗತ್ತಿಗೆಲ್ಲ ಪತ್ರ ಬರೆಯುತ್ತಾನೆ ಎಂಬಲ್ಲಿಂದ ತೊಡಗಿ ನನ್ನ ಬಾಲ್ಯದವರೆಗೂ ಹೋಗಿ ಬಂದ ಆ ಬೈಗುಳವನ್ನು ನಾವು ಮೂವರೂ ಕೈಕಟ್ಟಿ ನಿಂತು ಕೇಳಿದೆವು. ಮಗಳು ಅಳುತ್ತಿದ್ದಳು. ನಾನು ನಗುತ್ತಿದ್ದೆನೆಂದು ಹೆಂಡತಿ ಹೇಳುತ್ತಾಳೆ, ನನಗೆ ನೆನಪಿಲ್ಲ.

ಅಕ್ಕ ಸೋಮವಾರ ಕೆಲಸಕ್ಕೆ ಹೋದಳು. ಬೇರೆಯವರನ್ನು ನೋಡಿಕೊಳ್ಳಿ ಎಂದದ್ದನ್ನು ವಾರ್ಡನ್ನರು ಕಿವಿಗೇ ಹಾಕಿಕೊಂಡಿರಲಿಲ್ಲವಂತೆ. ಗ್ರಾಹಕರ ಮಾತನ್ನು ಹೇಗೆ ಕೇಳಬೇಕೆಂಬುದಕ್ಕೆ ಅವರನ್ನು ತಾವು ಮಾದರಿಯಾಗಿ ಇಟ್ಟುಕೊಳ್ಳಬಹುದು. ಸಿಹಿ ಇನ್ನೂ ಪೂರ್ತಿ ಬಂದಿಲ್ಲ. ವಾಸನೆ ಕೆಲವು ದಿನ ಬರುತ್ತದೆ, ಕೆಲವು ದಿನ ಮುನಿಯುತ್ತದೆ. ಹಾಗಾಗಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ನಾಲಿಗೆ ನೆಟ್ಟಗಿದೆಯೇ ಎಂದು ನೋಡಿಕೊಳ್ಳಲು ಅವಳಿಗೊಂದು ಗುಟುಕು ಖಚಿತವಾದ, ಮುಲಾಜಿಲ್ಲದ, ಮೋಸವಿಲ್ಲದ ಕಹಿ ಬೇಕು. ಅದು ಇದ್ದದ್ದು ತಮ್ಮ ಹಳೆಯ ಡಬ್ಬಿಯಲ್ಲಿ.

ಆದ್ದರಿಂದ ಸವಿನಯ ಪ್ರಾರ್ಥನೆ. ನನ್ನ ಮೊದಲ ಪತ್ರವನ್ನು ಬರೆದೇ ಇಲ್ಲವೆಂದು ಭಾವಿಸಬೇಕು. ಅದರಲ್ಲಿನ ಹುಲ್ಲು ಯಂತ್ರದ ಹೋಲಿಕೆಯನ್ನು ಹೊಗಳಿಕೆಯೆಂದು ಓದಿಕೊಳ್ಳಬೇಕು. ತಗ್ಗಿಸಿದ ಕಹಿಯನ್ನು ತಾವು ಎಲ್ಲೋ ಒಂದು ಕಡೆ ಸುರಿದಿರಲೇಬೇಕಲ್ಲ, ಅಲ್ಲಿಂದ ಅದನ್ನು ಬಳಿದು ತೆಗೆದು ಮತ್ತೆ ಪುಡಿಗೆ ಸೇರಿಸಬೇಕು. ಅದು ಕಷ್ಟವಾದರೆ ಬರಿಯ ಕಹಿಯನ್ನೇ ಒಂದು ಚಿಕ್ಕ ಡಬ್ಬಿಗೆ ತುಂಬಿ ನಮ್ಮ ವಿಳಾಸಕ್ಕೆ ಕಳಿಸಬೇಕು. ಅದೂ ಆಗದಿದ್ದರೆ ತಮ್ಮ ಸಂತೋಷ ವಿಭಾಗದ ಸಿಬ್ಬಂದಿಯಲ್ಲಿ ಒಬ್ಬರನ್ನು ಬೆಳಗಿನ ಹೊತ್ತು ನಮ್ಮ ಮನೆಗೆ ಕಳಿಸಿ. ಅಕ್ಕನಿಗೆ ತಾವೇಕೆ ಹೀಗೆ ಮಾಡಿದಿರಿ ಎಂದು ಅವರು ಮುಖಾಮುಖಿ ವಿವರಿಸಲಿ. ಹಿಂತಿರುಗುವಾಗ ತಮಗೆ ಬೇಕಾದಷ್ಟು ಕಹಿ ಅವರ ಬಳಿಯೇ ಇರುತ್ತದೆ.

ಹಾಲನ್ನು ಈಗ ಸಣ್ಣ ಉರಿಯಲ್ಲಿ, ಪಕ್ಕದಲ್ಲೇ ನಿಂತು ಕಾಯಿಸುತ್ತಿರುವ
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ವಿ.ಸೂ.: ಹೊಸ ಮೃದು ರುಚಿ ನನ್ನ ಹೆಂಡತಿಗೆ ಬಹಳ ಹಿಡಿಸಿದೆಯೆಂದೂ, ಅದನ್ನು ಯಾವ ಕಾರಣಕ್ಕೂ ಬದಲಾಯಿಸಬಾರದೆಂದು ಅವಳು ತಮಗೆ ಪ್ರತ್ಯೇಕವಾಗಿ ಬರೆಯುತ್ತಿದ್ದಾಳೆಂದೂ ಈಗಷ್ಟೇ ತಿಳಿದುಬಂತು. ಎರಡೂ ಪತ್ರಗಳನ್ನು ಎದುರಿಗಿಟ್ಟುಕೊಂಡು ತಾವು ಕಹಿಯೂ ಅಲ್ಲದ ಮೃದುವೂ ಅಲ್ಲದ ಮೂರನೆಯದೊಂದನ್ನು ಹೊರತರುವಿರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆಗ ದಯವಿಟ್ಟು ಗ್ರಾಹಕರ ಕೋರಿಕೆಯ ಮೇರೆಗೆ ಎಂದು ಅಚ್ಚು ಹಾಕಿಸಬೇಡಿ. ನಮಗೆ ತೋಚಿದ್ದು ಎಂದು ಹಾಕಿಸಿ. ನಮ್ಮ ಸಂಸಾರವಾದರೂ ನೆಮ್ಮದಿಯಾಗಿರಲಿ.