ಎರಡು ಕಾಲಂ, ಎರಡು ಗುಂಪು

ಯಂತ್ರದ ಮೇಲೆ ಹೊದಿಸಿದ್ದ ಹಳದಿ ಬೆಡ್‌ಶೀಟನ್ನು ಡಾ. ಚಿದಾನಂದ ಕುಪ್ಪೇಲೂರ ಸರಕ್ಕನೆ ಎಳೆದಾಗ ಧಾರವಾಡದ ಆ ಕಾಲೇಜಿನ ಮನಃಶಾಸ್ತ್ರ ವಿಭಾಗದಲ್ಲಿ ಚಪ್ಪಾಳೆ ಬಿತ್ತು. ಮಂದಾಕಿನಿ ಹೆಬಸೂರ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದಳು. ಬೆಡ್‌ಶೀಟು ಅವಳದು. ಹೊಸ ಯಂತ್ರಕ್ಕೆ ಮರ್ಯಾದೆಯ ಹೊದಿಕೆ ಬೇಕೆಂದು ಸರ್ ಹಾಸ್ಟೆಲ್ಲಿನಿಂದ ತರಿಸಿಕೊಂಡಿದ್ದರು. ಗೈಡು ಕೇಳಿದ ಮೇಲೆ ಇಲ್ಲ ಎನ್ನುವಂತಿಲ್ಲ. ಅವಳ ಪಿಎಚ್‌.ಡಿ. ಪ್ರಬಂಧಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

ಕೆಳಗಿದ್ದದ್ದು ರೈಲ್ವೆ ಸ್ಟೇಷನ್ನಿನ ಹಳೆಯ ತೂಕದ ಯಂತ್ರ. ಹತ್ತಿ ನಿಂತರೆ ಬಣ್ಣದ ದೀಪ ತಿರುಗಿ, ಖಟ್ ಎಂದು ರಟ್ಟಿನ ಟಿಕೆಟು ಬೀಳುತ್ತದಲ್ಲ, ಅದೇ. ಸರ್ ಅದನ್ನು ಗುಜರಿಯಿಂದ ತಂದು, ಹೊಟ್ಟೆಯೊಳಗೆ ಒಂದು ಕಂಪ್ಯೂಟರನ್ನೂ ತಾಮ್ರದ ಸುರುಳಿಯನ್ನೂ ಕೂಡಿಸಿ 'ನಿರ್ಣಯಿ' ಎಂದು ಹೆಸರಿಟ್ಟಿದ್ದರು. ಮನುಷ್ಯರ ನಡವಳಿಕೆಯ ಮೇಲೆ ಸಂಶೋಧನೆ ಮಾಡುವವರಿಗೆ ಅಂಕಿಗಳು ಕೈಗೆ ಬಂದ ಮೇಲೆ ಒಂದು ಸಂಕಟ ಶುರುವಾಗುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಹತ್ತಾರು ಪರೀಕ್ಷೆಗಳಿವೆ, ಯಾವುದನ್ನು ಹಚ್ಚಬೇಕು? ತಪ್ಪು ಪರೀಕ್ಷೆ ಹಚ್ಚಿದರೆ ಉತ್ತರವೂ ತಪ್ಪು. ಇನ್ನು ಮುಂದೆ ಆ ತಲೆನೋವು ಇಲ್ಲ, ನಿರ್ಣಯಿಯೇ ಪರೀಕ್ಷೆಯನ್ನು ಆರಿಸಿ ಉತ್ತರವನ್ನೂ ಹೇಳುತ್ತದೆ ಎಂದು ಸರ್ ಸಾರಿದರು. ಮನುಷ್ಯನ ತೂಕವಲ್ಲ, ಸ್ವಭಾವವನ್ನೇ ಅಳೆಯುತ್ತದೆ ಎಂದು ತೋರಿಸಲು ತಾವೇ ಮೊದಲು ಹತ್ತಿ ನಿಂತರು. ಟಿಕೆಟು ಬಿತ್ತು: 'ತಪ್ಪೊಪ್ಪಿಕೊಳ್ಳುವ ಪ್ರಮಾಣ: ಸೊನ್ನೆ.'

ಒಪ್ಪಿಕೊಳ್ಳಲು ತಪ್ಪೇ ಇಲ್ಲ ಎಂದು ಅದರ ಅರ್ಥ ಎಂದು ಸರ್ ವಿವರಿಸಿದರು. ಮತ್ತೊಂದು ಚಪ್ಪಾಳೆ ಬಿತ್ತು.

ಆಮೇಲೆ ಮಂದಾಕಿನಿಯ ಅಂಕಿಗಳನ್ನು ಯಂತ್ರಕ್ಕೆ ಉಣಿಸಿದರು. ಅವಳಿಗೆ ಹೇಳದೆ, ಕೇಳದೆ. ಮೂರು ವರ್ಷದ ದುಡಿಮೆ ಅದು. ಖಾಸಗಿ ಬಸ್ಸುಗಳ ಇಪ್ಪತ್ತು ಜನ ಕಂಡಕ್ಟರುಗಳ ಹಿಂದೆ ನೂಕುನುಗ್ಗಲಿನಲ್ಲಿ ನಿಂತು, ಒಂದು ಟ್ರಿಪ್ಪಿನಲ್ಲಿ ಯಾರು ಎಷ್ಟು ಸಲ ಪ್ರಯಾಣಿಕರನ್ನು ಬೈಯುತ್ತಾರೆ ಎಂದು ಎಣಿಸಿದ್ದಳು. ಆಮೇಲೆ ಅದೇ ಇಪ್ಪತ್ತು ಜನರಿಗೆ ಸಿಟ್ಟು ನುಂಗುವ ತರಬೇತಿ ಕೊಟ್ಟು ಮತ್ತೆ ಎಣಿಸಿದ್ದಳು. ಅವರಲ್ಲಿ ಯಮನಪ್ಪ ಎಂಬ ಕಂಡಕ್ಟರನಂತೂ, ಈಗ ಹೆಂಡತಿಯನ್ನು ಮಾತನಾಡಿಸುವ ಮೊದಲು ಮೂಗಿನಿಂದ ಉಸಿರು ಎಳೆದುಕೊಳ್ಳುವಷ್ಟು ಬದಲಾಗಿದ್ದ.

ಅಂಕಿ ಉಣಿಸಿದ ಮೇಲೆ ಯಂತ್ರ ಕೇಳುವ ಪ್ರಶ್ನೆ ಒಂದೇ: ಎಷ್ಟು ಗುಂಪು? ಸರ್ 'ಎರಡು' ಎಂದು ಒತ್ತಿದರು. ಟಿಕೆಟು ಬಿತ್ತು. ವಿಭಾಗದ ಮುಖ್ಯಸ್ಥೆ ಡಾ. ಪ್ರಮೀಳಾ ಸವಣೂರ ಕನ್ನಡಕ ಏರಿಸಿಕೊಂಡು ಓದಿದರು: 'ಸ್ವತಂತ್ರ ಗುಂಪುಗಳ ಟಿ-ಪರೀಕ್ಷೆ. ವ್ಯತ್ಯಾಸವಿಲ್ಲ.' ಅಂದರೆ ಬೇರೆ ಬೇರೆ ಜನರ ಎರಡು ಗುಂಪನ್ನು ಹೋಲಿಸಿ ನೋಡಿದೆ, ತರಬೇತಿಯಿಂದ ಏನೂ ಆಗಿಲ್ಲ.

"ಪಾಪ," ಎಂದರು ಸರ್. "ಮತ್ತೊಮ್ಮೆ ಬಸ್ ಹತ್ತು ತಂಗಿ. ಹೊಸ ಅಂಕಿ ತಗೊಂಡು ಬಾ. ಆಮ್ಯಾಲೆ ಸಹಿ."

ಮಂದಾಕಿನಿ ಮುಂದೆ ಬಂದಳು. "ಸರ್, ಎರಡು ಗುಂಪು ಎಲ್ಲಿ ಅದಾವ್ರಿ? ಇರೋದು ಒಂದ ಗುಂಪು. ಅವರನ್ನ ಎರಡು ಸಲ ನೋಡೇನಿ. ಜೋಡಿ ಪರೀಕ್ಷೆ ಹಚ್ಚಬೇಕು."

"ಕಾಲಂ ಎಷ್ಟದಾವ?"

"ಎರಡು."

"ಮುಗೀತಲ್ಲ. ಎರಡು ಕಾಲಂ, ಎರಡು ಗುಂಪು."

"ನನ್ನ ಹೋದ ವರ್ಷದ ಫೋಟೋ ಒಂದು, ಈ ವರ್ಷದ್ದು ಒಂದು ಬಾಜೂಕ ಬಾಜೂಕ ಇಟ್ರ ನಾ ಇಬ್ಬರು ಆಗ್ತೀನೇನ್ರಿ?"

ಯಾರೋ ಕಿಸಕ್ಕನೆ ನಕ್ಕರು. ಸರ್ ಮುಖ ಕೆಂಪಾಯಿತು. ಮುಖ್ಯಸ್ಥೆಯ ಎದುರಿಗೆ ತನ್ನದೇ ವಿದ್ಯಾರ್ಥಿನಿಯಿಂದ ಪಾಠ ಹೇಳಿಸಿಕೊಳ್ಳುವುದೆಂದರೇನು? ಅವರು ಯಂತ್ರದ ಪಕ್ಕದಲ್ಲಿದ್ದ 'ನಿಬಂಧನೆ' ಎಂಬ ಹಿಡಿಕೆಯನ್ನು ಹಿಡಿದುಕೊಂಡರು. ಪ್ರತಿ ಪರೀಕ್ಷೆಗೂ ಅದರದೇ ನಿಬಂಧನೆಗಳಿರುತ್ತವೆ, ಅಂಕಿಗಳು ಅವಕ್ಕೆ ಹೊಂದದಿದ್ದರೆ ಹುಡುಗರು ಅಳುತ್ತ ಬರುತ್ತಾರೆ, ಅದಕ್ಕೇ ಈ ಹಿಡಿಕೆ ಎಂದರು. ಸ್ವತಂತ್ರ ಗುಂಪುಗಳ ಪರೀಕ್ಷೆಯಲ್ಲಿ ಒಬ್ಬನೇ ಮನುಷ್ಯ ಎರಡೂ ಗುಂಪಿನಲ್ಲಿರಕೂಡದು. ಇದ್ದರೆ ಯಂತ್ರವೇ ಸರಿ ಮಾಡಿಕೊಳ್ಳುತ್ತದೆ.

"ಪರೀಕ್ಷೆ ಬದಲು ಮಾಡೂದು ಬಿಟ್ಟು ಮನಷ್ಯಾರನ್ನ ಬದಲು ಮಾಡ್ತೀರೇನ್ರಿ?" ಎಂದು ಮಂದಾಕಿನಿ ಕೇಳುವಷ್ಟರಲ್ಲಿ ಅವರು ಹಿಡಿಕೆ ತಿರುವಿಬಿಟ್ಟಿದ್ದರು. ಸುರುಳಿ ಗುಂಯ್‌ಗುಟ್ಟಿತು. ವಿಭಾಗದ ದೀಪಗಳೆಲ್ಲ ಮಂಕಾಗಿ ಮತ್ತೆ ಹತ್ತಿದವು. ಬೇರೇನೂ ಆದಂತೆ ಕಾಣಲಿಲ್ಲ. ಎಲ್ಲರೂ ಉಪ್ಪಿಟ್ಟು ತಿನ್ನಲು ಹೋದರು.

ಉಪ್ಪಿಟ್ಟು ಮುಗಿಯುವ ಮೊದಲೇ ಮಂದಾಕಿನಿಗೆ ಯಮನಪ್ಪನ ಹೆಂಡತಿ ಗುರುಸಿದ್ದವ್ವನ ಫೋನು ಬಂತು. ದನಿಯಲ್ಲಿ ಕೆಂಡವಿತ್ತು.

"ಮೇಡಂ, ನೀವು ಸುಧಾರಿಸಿ ಕಳಿಸಿದ ಗಂಡ ಊಟಕ್ಕ ಕುಂತಾನ್ರಿ. ಹಳೇ ಗಂಡ ಬಾಗಲಾಗ ನಿಂತು ಒದರಾಕ ಹತ್ಯಾನ. ಇಬ್ಬರಿಗೂ ನಾನ ರೊಟ್ಟಿ ಬಡೀಬೇಕೇನು?"

ಮಂದಾಕಿನಿಗೆ ತಕ್ಷಣ ತಿಳಿಯಿತು. ಒಬ್ಬನೇ ಮನುಷ್ಯ ಎರಡು ಗುಂಪಿನಲ್ಲಿರಕೂಡದು. ಹಾಗಾಗಿ ಯಂತ್ರ ಪ್ರತಿಯೊಬ್ಬನನ್ನೂ ಇಬ್ಬರನ್ನಾಗಿ ಮಾಡಿತ್ತು. ತರಬೇತಿಗೆ ಮೊದಲಿನ ಯಮನಪ್ಪ ಒಬ್ಬ, ಆಮೇಲಿನ ಯಮನಪ್ಪ ಒಬ್ಬ. ಆ ಇಪ್ಪತ್ತು ಜನರ ಬಸ್ಸುಗಳಲ್ಲೆಲ್ಲ ಈಗ ಇಬ್ಬಿಬ್ಬರು ಕಂಡಕ್ಟರುಗಳು. ಒಬ್ಬ ರೈಟ್ ಎಂದರೆ ಇನ್ನೊಬ್ಬ ಹೋಲ್ಡಾನ್ ಎನ್ನುತ್ತಿದ್ದ. ಒಬ್ಬ ಅಜ್ಜಿಯ ಕೈಹಿಡಿದು ಹತ್ತಿಸಿಕೊಂಡರೆ ಇನ್ನೊಬ್ಬ ಅದೇ ಅಜ್ಜಿಗೆ ನಿನಗೇನು ಅವಸರ ಎಂದು ಕೂಗುತ್ತಿದ್ದ. ಊದುವ ಒಂದೇ ಸೀಟಿಗಾಗಿ ಇಬ್ಬರೂ ಜಗಳಕ್ಕೆ ಬಿದ್ದಿದ್ದರು, ಏಕೆಂದರೆ ಅದು ಎರಡಾಗಿರಲಿಲ್ಲ.

ಅವಳು ಉಪ್ಪಿಟ್ಟಿನ ತಟ್ಟೆಯನ್ನು ಸರ್ ಎದುರಿಗೆ ಕುಕ್ಕಿ ವಿಷಯ ಹೇಳಿದಳು. ಸರ್‌ಗೆ ಸಂತೋಷವಾಯಿತು.

"ನೋಡು, ಈಗ ಖರೇನ ಎರಡು ಗುಂಪು ಆದವು. ನನ್ನ ಪರೀಕ್ಷೆ ಸರಿ ಆತು."

ಆ ಕ್ಷಣದಲ್ಲಿ ಅವಳಿಗೆ ತಾನೇ ಕೊಟ್ಟ ತರಬೇತಿಯ ಒಂದು ಉಸಿರೂ ನೆನಪಾಗಲಿಲ್ಲ.

ಅಷ್ಟರಲ್ಲಿ ಯಂತ್ರಕ್ಕೆ ಎರಡನೆಯ ನಿಬಂಧನೆ ನೆನಪಾಗಿತ್ತು: ಒಬ್ಬರ ನಡವಳಿಕೆ ಇನ್ನೊಬ್ಬರ ಮೇಲೆ ಪರಿಣಾಮ ಬೀರಕೂಡದು. ಪೇಟೆಯಲ್ಲಿ ಒತ್ತಿಕೊಂಡು ನಿಂತಿದ್ದವರು ಯಾರೋ ಮೆಲ್ಲಗೆ ನೂಕಿದಂತೆ ಮಾರುದೂರ ಸರಿದರು. ಬೈಕಿನ ಹಿಂದೆ ಕುಳಿತ ಹೆಂಡತಿಯರು ಇಳಿದು ನಡೆಯತೊಡಗಿದರು. ಮೂವರು ಕೂರುವ ಸೀಟಿನಲ್ಲಿ ಒಬ್ಬರಷ್ಟೇ ಉಳಿದು, ಮಿಕ್ಕವರೆಲ್ಲ ಬಸ್ಸಿನಿಂದ ಕೆಳಗೆ ಬಂದರು. ಬೈಯಲು ಜನವೇ ಇಲ್ಲದಂತಾದಾಗ ಕಂಡಕ್ಟರುಗಳಿಗೆ ದಿಕ್ಕು ತೋಚಲಿಲ್ಲ. ತರಬೇತಿ ಕೊಟ್ಟ ಮೇಡಂ ಎಲ್ಲಿದ್ದಾರೆಂದು ಅವರಲ್ಲಿ ಅರ್ಧ ಜನರಿಗೆ ಗೊತ್ತಿತ್ತು. ನಲವತ್ತೂ ಜನ ಕಾಲೇಜಿನ ಮೈದಾನಕ್ಕೆ ಬಂದು ತುಂಬಿಕೊಂಡರು.

ಹಳೇ ಯಮನಪ್ಪ ಹೊಸ ಯಮನಪ್ಪನ ಅಂಗಿಯ ಕಾಲರಿಗೆ ಕೈ ಹಾಕಿದ್ದ. ಯಂತ್ರ ಅವರನ್ನು ದೂರ ದೂರ ನೂಕುತ್ತಿತ್ತು, ಸಿಟ್ಟು ಹತ್ತಿರ ಹತ್ತಿರ ಎಳೆಯುತ್ತಿತ್ತು. ಯಂತ್ರ ಸೋಲುತ್ತಿತ್ತು.

"ಯಾರಲೇ ನೀ? ನನ್ನ ಮನ್ಯಾಗ ನನ್ನ ರೊಟ್ಟಿ ತಿಂತೀಯಲ್ಲ!"

"ಅಣ್ಣಾ, ಸಾವಕಾಶ. ಮೂಗಿನಿಂದ ಉಸಿರು ತಗೋ."

"ನನಗ ಉಸಿರು ಕಲಸ್ತೀಯೇನಲೇ?"

ಸವಣೂರ ಮೇಡಂ ಹೊರಗೆ ಬಂದರು. ಮಂದಾಕಿನಿ ಯಂತ್ರವನ್ನು ಈಗಲೇ 'ಒಂದೇ ಗುಂಪು' ಎಂಬುದಕ್ಕೆ ಬದಲಾಯಿಸಬೇಕೆಂದಳು. ಸರ್ ಯಂತ್ರದ ಕೀಲಿಯನ್ನು ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು, ಎರಡು ಗುಂಪಿಗೂ ವ್ಯತ್ಯಾಸವಿದ್ದರೆ ಕಣ್ಣಿಗೆ ಕಾಣಲಿ ನೋಡೋಣ ಎಂದು ಸವಾಲು ಹಾಕಿದರು.

ಸಿಟ್ಟು ಒಮ್ಮೊಮ್ಮೆ ಬುದ್ಧಿಯನ್ನು ಹರಿತ ಮಾಡುತ್ತದೆ. ಮಂದಾಕಿನಿ ಹಳಬರದೊಂದು ಸಾಲು, ಹೊಸಬರದೊಂದು ಸಾಲು ಮಾಡಿ ನಿಲ್ಲಿಸಿದಳು. ಪ್ರತಿಯೊಬ್ಬನಿಗೂ ಒಂದೇ ಪ್ರಶ್ನೆ ಕೇಳಬೇಕೆಂದು ಮೇಡಂಗೆ ಹೇಳಿದಳು: ಬೋರ್ಡು ಕಣ್ಣೆದುರಿಗೇ ಇರುವಾಗ ಪ್ರಯಾಣಿಕರು ಕೇಳುವ, ಎಂಥ ಸಾಧು ಕಂಡಕ್ಟರನನ್ನೂ ಕೆರಳಿಸುವ ಆ ಪ್ರಶ್ನೆ.

"ಈ ಬಸ್ ಜುಬಿಲಿ ಸರ್ಕಲ್ಲಿಗೆ ಹೋಗ್ತದೇನ್ರಿ?" ಎಂದು ಕೇಳುತ್ತ ಮೇಡಂ ಎರಡೂ ಸಾಲಿನಲ್ಲಿ ನಡೆದರು. ಹಳಬರ ಸಾಲಿನಲ್ಲಿ ಗುಡುಗುವವರಿದ್ದರು. ಹುಟ್ಟಿನಿಂದಲೇ ಮೆತ್ತಗಿದ್ದು, ಬರೀ ಗೊಣಗುವವರೂ ಇದ್ದರು. ಹೊಸಬರ ಸಾಲಿನಲ್ಲಿ ನಗುವವರಿದ್ದರು, ಹಲ್ಲು ಕಡಿಯುವವರೂ ಇದ್ದರು. ಕೊನೆಗೆ ಮೇಡಂ ತಲೆ ಅಲ್ಲಾಡಿಸಿದರು. ಎರಡೂ ಸಾಲು ಹೆಚ್ಚುಕಡಿಮೆ ಒಂದೇ ಥರ ಉತ್ತರ ಕೊಡುತ್ತವೆ ಎಂದರು.

"ವ್ಯತ್ಯಾಸವಿಲ್ಲ," ಎಂದರು ಸರ್, ಎದೆಯುಬ್ಬಿಸಿ.

"ಈಗ ಎಲ್ಲಾರೂ ತಮ್ಮ ತಮ್ಮ ಬಾಜೂಕ ತಾವ ನಿಲ್ರಿ," ಎಂದಳು ಮಂದಾಕಿನಿ.

ಯಮನಪ್ಪನ ಪಕ್ಕ ಯಮನಪ್ಪ ನಿಂತ. ಗೊಣಗುವವನ ಪಕ್ಕ ಅವನೇ ನಿಂತ. ಮೇಡಂ ಮತ್ತೆ ನಡೆದರು. ಗುಡುಗುವವನ ಪಕ್ಕ ಹಲ್ಲು ಕಡಿಯುವವನಿದ್ದ. ಗೊಣಗುವವನ ಪಕ್ಕ ನಗುವವನಿದ್ದ. ಹಳೇ ಯಮನಪ್ಪ ಮೇಡಂಗೆ ಕಣ್ಣು ಕಾಣಿಸುವುದಿಲ್ಲವೇ ಎಂದು ಕೂಗಿದ. ಹೊಸ ಯಮನಪ್ಪ ಉಸಿರು ಎಳೆದುಕೊಂಡು ಹೋಗತೈತ್ರಿ ಎಂದ. ಯಾರೂ ಸಂತರಾಗಿರಲಿಲ್ಲ. ಆದರೆ ಒಬ್ಬೊಬ್ಬನೂ ಹಳೆಯ ತನಗಿಂತ ಸಿಟ್ಟಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದಿದ್ದ.

ಮೇಡಂ ಅರ್ಧ ದಾರಿಯಲ್ಲೇ ನಿಂತು ಕೈಚಾಚಿದರು. "ಕುಪ್ಪೇಲೂರ ಸರ್, ಕೀಲಿ ಕೊಡ್ರಿ."

ಮಂದಾಕಿನಿ ಒಳಗೆ ಓಡಿ, ಕೀಲಿ ತಿರುವಿ 'ಒಂದು ಗುಂಪು' ಒತ್ತಿ, ಹಿಡಿಕೆಯನ್ನು ಎಷ್ಟು ಸಿಟ್ಟಿನಿಂದ ಎಳೆದಳೆಂದರೆ ಅದು ಕಿತ್ತು ಕೈಗೆ ಬಂತು. ಜೋಡಿ ಪರೀಕ್ಷೆ ಮಾಡುವುದು ಇಷ್ಟೇ: ಒಬ್ಬನ ಮೊದಲಿನ ಅಂಕಿಯಿಂದ ಅವನದೇ ಆಮೇಲಿನ ಅಂಕಿಯನ್ನು ಕಳೆದು, ಉಳಿದದ್ದನ್ನು ನೋಡುವುದು. ಮೈದಾನದಲ್ಲಿ ಹಳಬರೆಲ್ಲ ಹೊಸಬರೊಳಗೆ ಸೇರಿ ಮಾಯವಾದರು. ಬೈಕುಗಳ ಹಿಂದೆ ಹೆಂಡತಿಯರು ಮತ್ತೆ ಹತ್ತಿದರು. ಟಿಕೆಟು ಬಿತ್ತು: 'ಜೋಡಿ ಟಿ-ಪರೀಕ್ಷೆ. ವ್ಯತ್ಯಾಸವಿದೆ.'

ಆದರೆ ಕಳೆದುಳಿದ ಸಿಟ್ಟು ಎಲ್ಲಿಗೆ ಹೋಗಬೇಕು? ಇಪ್ಪತ್ತು ಜನರ ಬೈಗುಳ ಯಂತ್ರದ ಹೊಟ್ಟೆಯಲ್ಲೇ ಕೂತುಬಿಟ್ಟಿತು. ಅಂದಿನಿಂದ ಅದರ ಹತ್ತಿರ ಯಾರು ಸುಳಿದರೂ "ಒಳಗ ಸರೀರಿ! ಬಾಗಲಾಗ ಯಾಕ ನಿಂತೀರಿ!" ಎಂದು ಗದರಿಸುತ್ತದೆ. ಹೊದಿಸಿದ ಬೆಡ್‌ಶೀಟನ್ನೂ ಅದು ಬೈಯದೆ ಬಿಟ್ಟಿಲ್ಲ.

ಸರ್ ಅಲ್ಲಿಯೇ ಪ್ರಬಂಧಕ್ಕೆ ಸಹಿ ಹಾಕಿದರು. ಹಾಕುತ್ತ ಹಾಕುತ್ತ, ತಾನು ಮೊದಲಿಂದಲೂ ಜೋಡಿ ಪರೀಕ್ಷೆ ಎಂದೇ ಹೇಳುತ್ತಿದ್ದೆ, ಈ ಹುಡುಗಿಯೇ ಗಡಿಬಿಡಿ ಮಾಡಿದಳು ಎಂದು ಮೇಡಂಗೆ ವಿವರಿಸಿದರು. ಮಂದಾಕಿನಿ ಕೈಯಲ್ಲಿದ್ದ ಹಿಡಿಕೆಯನ್ನು ಬಹಳ ಎಚ್ಚರದಿಂದ ಕೆಳಗಿಟ್ಟಳು.

"ಸರ್, ಮುಂಜಾನೆ ನೀವು ಇದರ ಮ್ಯಾಲೆ ನಿಂತಿದ್ರಿ. ಈಗ ಇನ್ನೊಮ್ಮೆ ನಿಲ್ರಿ. ಫೋಟೋ ತಗೀತೀನಿ."

ಸರ್ ತಲೆ ಬಾಚಿಕೊಂಡು ಹತ್ತಿ ನಿಂತರು. ಯಂತ್ರ ಒಳಗ ಸರೀರಿ ಎಂದು ಬೈದು, ಖಟ್ ಎಂದು ಟಿಕೆಟು ಉಗುಳಿತು: 'ತಪ್ಪೊಪ್ಪಿಕೊಳ್ಳುವ ಪ್ರಮಾಣ: ಜೋಡಿ ಪರೀಕ್ಷೆ. ವ್ಯತ್ಯಾಸವಿಲ್ಲ.'

ಒಬ್ಬನೇ ಮನುಷ್ಯನನ್ನು ಅಳೆದು ಯಾವ ತೀರ್ಮಾನಕ್ಕೂ ಬರಬಾರದು ಎಂಬುದು ಮಂದಾಕಿನಿಗೆ ಚೆನ್ನಾಗಿ ಗೊತ್ತು. ಆ ಒಂದು ಸಲ ಮಾತ್ರ ತೀರ್ಮಾನಕ್ಕೆ ಬಂದೇಬಿಟ್ಟಳು.