ಎರಡು ದೇಶಗಳ ರಾಹುಕಾಲ

ವಿಜ್ಞಾನ ಓದಿದವನು ಮೂಢನಂಬಿಕೆ ಬಿಟ್ಟಿರುತ್ತಾನೆ ಎಂಬುದೇ ದೊಡ್ಡ ಮೂಢನಂಬಿಕೆ. ನಾನು ಚೆನ್ನೈನ ಕ್ರೋಂಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ರಾಹುಕಾಲವನ್ನು ನಂಬುವುದಿಲ್ಲ. ಅದು ಎಷ್ಟು ಹೊತ್ತಿಗೆ ಎಂದು ಕ್ಯಾಲೆಂಡರ್ ನೋಡದೆ ಮನೆ ಬಿಡುವುದೂ ಇಲ್ಲ.

ಮಗಳು ಸಿಂಧು ಮೀನುಗಳ ಬಗ್ಗೆ ಎಂಎಸ್ಸಿ ಮಾಡಿದವಳು. ಮೊಟ್ಟೆಯೂ ಒಳಗೆ ಬಾರದ ನಮ್ಮ ಮನೆಯಿಂದ ಬೆಳಗಿನ ಜಾವ ಕಾಸಿಮೇಡಿನ ಮೀನು ಬಂದರಿಗೆ ಹೋಗಿ, ಹರಾಜಿನ ಗದ್ದಲದ ನಡುವೆ ಟೇಪು ಹಿಡಿದು ಮೀನು ಅಳೆದು ಬರುತ್ತಿದ್ದಳು. ಒಂದು ದಿನ, "ಅಪ್ಪಾ, ಯುರೋಪಲ್ಲಿ ಪಿಎಚ್‌ಡಿ ಹುದ್ದೆ ಖಾಲಿ ಇದೆ" ಎಂದಳು.

"ಓದೋದಕ್ಕೂ ಹುದ್ದೆ ಅಂತಾರೇನೇ?"

"ಆಮಾ ಪಾ, ಹೌದು. ಅಲ್ಲಿ ಅದು ಕೆಲಸಾನೇ. ಸಂಬಳ, ರಜಾ ಎಲ್ಲಾ ಉಂಟು."

ನನಗೆ ಸೋಜಿಗವಾಯಿತು. ನನ್ನ ಕಾಲದಲ್ಲಿ ಗೈಡು ಬೇಕೆಂದರೆ ದೊಡ್ಡ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಲ್ಲಬೇಕಿತ್ತು. ನಾನು ಎರಡು ವರ್ಷ ನಿಂತೆ, ಅವರ ಮೊಮ್ಮಗನನ್ನು ಶಾಲೆಯಿಂದ ಕರೆತಂದೆ. "ಮುಂದಿನ ವರ್ಷ ನೋಡೋಣ" ಎಂದರು. ನನ್ನ ಪಿಎಚ್‌ಡಿ ಅಲ್ಲಿಗೇ ಮುಗಿಯಿತು. ಯುರೋಪಲ್ಲಿ ನೋಡಿದರೆ ಪ್ರೊಫೆಸರಮ್ಮನೇ ಜಾಹೀರಾತು ಕೊಟ್ಟು, ಕೆಳಗೆ ಪದವಿ ಬಿರುದು ಏನೂ ಇಲ್ಲದೆ ಬರೀ ತನ್ನ ಹೆಸರು ಬರೆದು, ಬನ್ನಿ ಎನ್ನುತ್ತಾಳೆ!

ಸಿಂಧು ಹನ್ನೊಂದು ಕಡೆಗೆ ಅರ್ಜಿ ಹಾಕಿದಳು. ಹತ್ತು ಕಡೆಯವರು ಬಹಳ ವಿನಯದಿಂದ ಬೇಡವೆಂದರು. ಹನ್ನೊಂದನೆಯವರು ಮಾತ್ರ ಆನ್‌ಲೈನ್ ಸಂದರ್ಶನಕ್ಕೆ ಮೂರು ಸಮಯ ಕೊಟ್ಟು, ಒಂದನ್ನು ಆರಿಸಿಕೊಳ್ಳಿ ಎಂದು ಬರೆದರು. "ಒಂದ್ನಿಮಿಷ ಇರು" ಎಂದು ನಾನು ಕ್ಯಾಲೆಂಡರಿನ ಮುಂದೆ ನಿಂತೆ.

ಬುಧವಾರದ್ದು ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತಿತ್ತು, ನೇರ ರಾಹುಕಾಲ. ಗುರುವಾರದ್ದು ಇಲ್ಲಿಗೆ ಸಂಜೆ, ಚಿಂತೆಯಿಲ್ಲ. ಆಗ ನನ್ನೊಳಗಿನ ಭೌತಶಾಸ್ತ್ರಜ್ಞ ಎದ್ದು ಕೂತ: ಪ್ರಶ್ನೆ ಕೇಳುವವರು ಅಲ್ಲಿದ್ದಾರೆ, ಅಲ್ಲಿನ ರಾಹುಕಾಲದ ಗತಿ? ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಸೂರ್ಯ ಮುಳುಗುವುದಿಲ್ಲವಂತೆ. ಹಗಲನ್ನು ಎಂಟು ಭಾಗ ಮಾಡಿದರೆ ರಾಹುವಿಗೆ ಎರಡು ಗಂಟೆಗೂ ಮೇಲೆ ಸಿಗುತ್ತದೆ! ಲೆಕ್ಕ ಹಾಕಿದೆ. ಗುರುವಾರದ ಸಮಯ ಅಲ್ಲಿನ ರಾಹುವಿನ ಬಾಯಿಗೆ ಬಿತ್ತು. ಚಳಿಗಾಲದಲ್ಲಿ ಪಾಪ ಅವನು ಏನು ಮಾಡುತ್ತಾನೋ ಎಂದು ಅದನ್ನೂ ಲೆಕ್ಕ ಹಾಕುತ್ತ ಕೂತೆ.

"ರೀ, ಅವಳ ಪಾಡಿಗೆ ಅವಳನ್ನ ಬಿಡೀಂದ್ರೆ" ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ, ಶುಕ್ರವಾರ ಎರಡು ದೇಶಗಳಲ್ಲೂ ನಿರ್ದೋಷ ಎಂದು ತೀರ್ಪು ಕೊಟ್ಟೆ. ಸಿಂಧು ಪತ್ರ ಬರೆದಳು. ಉತ್ತರ ಬಂತು: ಗುರುವಾರ, ಶುಕ್ರವಾರ ಎರಡನ್ನೂ ಮೊದಲು ಬರೆದವರು ತೆಗೆದುಕೊಂಡಿದ್ದಾರೆ, ಬುಧವಾರ ಮಾತ್ರ ಉಳಿದಿದೆ. ಸಿಂಧು ನನ್ನನ್ನು ನೋಡಿ, "ಪೋದುಂ ಪಾ" ಎಂದಳು. ಸಾಕಪ್ಪಾ ಎಂದು. ಮನೆಯಲ್ಲಿ ಅವಳು ಪೂರಾ ತಮಿಳಿಗೆ ಇಳಿದಳೆಂದರೆ ಸಿಟ್ಟು ನಿಜವೆಂದೇ ಅರ್ಥ. ನನ್ನ ಮೇಷ್ಟ್ರು ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿಬಿಟ್ಟೆನೇ?

ಬುಧವಾರ ಹನ್ನೆರಡೂವರೆಗೆ ಕೋಣೆಯ ಬಾಗಿಲು ಮುಚ್ಚಿತು. ನಾನು ಹೊರಗೆ ನಿಂತು ಕಿವಿಗೊಟ್ಟೆ. ಹರಾಜುದಾರರು ಮೀನಿಗಿಂತ ಮೊದಲು ತನ್ನನ್ನೇ ಕೂಗಿ ಮಾರುವಂತಿದ್ದರು ಎಂದು ಸಿಂಧು ಹೇಳುತ್ತಿದ್ದಳು. ಒಳಗೆ ಯಾರೋ ನಕ್ಕರು. ಐವತ್ತು ನಿಮಿಷ ಮಾತಾಡಿದರು, ಅಷ್ಟೂ ರಾಹುಕಾಲ.

ಹತ್ತು ದಿನಕ್ಕೆ ಪತ್ರ ಬಂತು. ಹುದ್ದೆ ಅವಳಿಗೇ. ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಅನುಕೂಲವಾದ ದಿನ ಬಂದು ಸೇರಬಹುದಂತೆ. ಸಿಂಧು ಸಿಟ್ಟು ಮರೆತು, "ಈಗ ನೀವೇ ಒಳ್ಳೇ ದಿನ ನೋಡಿ ಹೇಳೀಪ್ಪಾ" ಎಂದು ನಕ್ಕಳು.

ಮೂರು ತಿಂಗಳ ಹಾಳೆಗಳನ್ನೂ ಒಂದೊಂದಾಗಿ ತಿರುವಿದೆ. ಅವಳು ಹೊರಡುವುದಕ್ಕೆ ಒಳ್ಳೆಯದೆನ್ನುವ ಒಂದು ದಿನವೂ ನನಗೆ ಕಾಣಲಿಲ್ಲ.